ಹಿಮದ ನಾಡಿನಲ್ಲಿ ನೀರು ಕುಡಿಯುವ ನೆಲಗಟ್ಟು

ಗಾಜಿನ ಸೀಸೆಯೊಂದರಲ್ಲಿ ಕಂಠದವರೆಗೆ ನೀರು ತುಂಬಿ, ಬಿರಡೆಯನ್ನು ಬಿಗಿಯಾಗಿ ಹಾಕಿ, ಮಂಜುಗಡ್ಡೆ ಕಟ್ಟುವ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಸೀಸೆ ಒಡೆದಿರುವುದು. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದೆಂದೂ, ಆ ಹಿಗ್ಗುವಿಕೆಯನ್ನು ತಡೆಯಲು ಹೋದ ಪಾತ್ರೆ ಬಿರಿಯುವುದೆಂದೂ ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ಹೀಗಿರುವಾಗ, ವರ್ಷದಲ್ಲಿ ಕೆಲವು ತಿಂಗಳ ಕಾಲ ನೆಲವೇ ಹೆಪ್ಪುಗಟ್ಟುವ ನಾಡಿನಲ್ಲಿ ಮೈಯೆಲ್ಲ ತೂತುಗಳಿರುವ ರಸ್ತೆಯನ್ನು ಬೇಕೆಂದೇ ಕಟ್ಟಿ, ಮಳೆಯ ನೀರನ್ನೂ ಕರಗಿದ ಹಿಮವನ್ನೂ ಅದರೊಳಕ್ಕೆ ಇಳಿಯಬಿಡುವರೆಂದರೆ ಕೇಳಿದವರಿಗೆ ಆಶ್ಚರ್ಯವಾಗುವುದು ಸಹಜ. ಆದರೂ ಅಂತಹ ನೆಲಗಟ್ಟುಗಳು ಅಮೆರಿಕದ ಉತ್ತರ ಸಂಸ್ಥಾನಗಳಲ್ಲಿಯೂ, ಕೆನಡಾದಲ್ಲಿಯೂ, ಸ್ವೀಡನ್ನಿನಲ್ಲಿಯೂ ಉಂಟು. ಸರಿಯಾಗಿ ಕಟ್ಟಿ ಸರಿಯಾಗಿ ನೋಡಿಕೊಂಡವು ದಶಕಗಳ ಕಾಲ ಬಾಳಿರುವುದೂ ಉಂಟು. ಇದು ಹೇಗೆ ಸಾಧ್ಯವೆಂಬುದನ್ನು ಅರಿಯಲು ನಮಗೆ ತರಗತಿಯಲ್ಲಿ ಪರಿಚಯವಾದ ಭೌತವಿಜ್ಞಾನವೇ ಸಾಕು.

ನೀರಿಗೆ ಎಡೆಯಿಲ್ಲದ ಊರು

ಹೊಲದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಮಣ್ಣಿಗೆ ಇಳಿಯುವುದು. ಉಳಿದುದು ನಿಧಾನವಾಗಿ ಹಳ್ಳ ಸೇರುವುದು. ಊರಿನಲ್ಲಿ ಹಾಗಲ್ಲ. ಚಾವಣಿ, ರಸ್ತೆ, ವಾಹನಗಳು ನಿಲ್ಲುವ ಅಂಗಳ ಇವೆಲ್ಲವೂ ನೀರಿಗೆ ಮುಚ್ಚಿದ ಬಾಗಿಲುಗಳು. ಒಂದು ಹೆಕ್ಟೇರು ವಿಸ್ತಾರವುಳ್ಳ ಡಾಂಬರು ಅಂಗಳದ ಮೇಲೆ ೨೫ ಮಿಲಿಮೀಟರು ಮಳೆ ಬಿತ್ತೆನ್ನೋಣ. ಲೆಕ್ಕ ಹಾಕಿದರೆ ಅದು ಎರಡೂವರೆ ಲಕ್ಷ ಲೀಟರು ನೀರು. ಅಷ್ಟು ನೀರೂ ವಾಹನಗಳಿಂದ ಸುರಿದ ಎಣ್ಣೆಯನ್ನೂ ಧೂಳನ್ನೂ ಹೊತ್ತುಕೊಂಡು ಒಮ್ಮೆಲೆ ಚರಂಡಿಗೆ ನುಗ್ಗುವುದು. ಮಳೆನೀರಿಗೂ ಮಲಿನ ಜಲಕ್ಕೂ ಒಂದೇ ಕೊಳವೆಯಿರುವ ಹಳೆಯ ನಗರಗಳಲ್ಲಿ ಆ ಕೊಳವೆ ತುಂಬಿ, ಹೊಲಸು ನೀರು ನೇರವಾಗಿ ನದಿಯನ್ನು ಸೇರುವುದು.

ಶೀತ ದೇಶಗಳಲ್ಲಿ ಈ ತೊಂದರೆಯೊಡನೆ ಇನ್ನೂ ಎರಡು ಸೇರಿಕೊಳ್ಳುವುವು. ಅಲ್ಲಿ ತಿಂಗಳುಗಟ್ಟಲೆ ಬಿದ್ದ ಹಿಮ ನೆಲದ ಮೇಲೆಯೇ ಕೂಡಿಟ್ಟುಕೊಂಡಿದ್ದು, ವಸಂತ ಬಂದಾಗ ಕೆಲವೇ ದಿನಗಳಲ್ಲಿ ಕರಗಿ ಹರಿಯುವುದು. ಇದು ಮೊದಲನೆಯದು. ಎರಡನೆಯದು ಜನರ ಕೈಕಾಲುಗಳಿಗೇ ಸಂಬಂಧಿಸಿದುದು. ಹಗಲಿನ ಬಿಸಿಲಿಗೆ ಕರಗಿದ ಹಿಮ ರಸ್ತೆಯ ಮೇಲೆ ತೆಳುವಾಗಿ ಹರಡಿ ನಿಂತು, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದಂತಹ ಗಾಜಿನ ಪದರವಾಗುವುದು. ನಡೆಯುವವರು ಜಾರಿ ಬಿದ್ದು ಮೂಳೆ ಮುರಿದುಕೊಳ್ಳುವರು. ವಾಹನಗಳು ಹಿಡಿತ ತಪ್ಪುವುವು. ಇದಕ್ಕೆ ಪರಿಹಾರವಾಗಿ ಆ ನಾಡುಗಳಲ್ಲಿ ರಸ್ತೆಗೆ ಉಪ್ಪನ್ನು ಎರಚುವರು. ಉಪ್ಪು ಕೂಡಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಲ್ಲದೆ ಹೆಪ್ಪುಗಟ್ಟದಷ್ಟೆ.

ಆದರೆ ಹೀಗೆ ಎರಚಿದ ಉಪ್ಪು ಎಲ್ಲಿಗೆ ಹೋಗುವುದು? ಅದು ಕೊಳೆಯುವ ಪದಾರ್ಥವಲ್ಲ, ಆವಿಯಾಗಿ ಹೋಗುವುದೂ ಇಲ್ಲ. ನೀರಿನೊಡನೆ ಹೊಳೆಗೆ, ಕೆರೆಗೆ, ಅಂತರ್ಜಲಕ್ಕೆ ಸೇರುವುದು. ಸಿಹಿನೀರಿನ ಜೀವಿಗಳು ದೀರ್ಘಕಾಲ ಬಾಳಬೇಕಾದರೆ ಒಂದು ಲೀಟರಿನಲ್ಲಿ ೨೩೦ ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಕೂಡದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ೧೯೮೮ರಲ್ಲಿ ಮಿತಿಯನ್ನು ಸೂಚಿಸಿತು. ಒಂದು ಚಹದ ಚಮಚದಲ್ಲಿ ಹಿಡಿಯುವ ಉಪ್ಪು ಸುಮಾರು ೬ ಗ್ರಾಮು. ಅದರಲ್ಲಿ ಕ್ಲೋರೈಡಿನ ಪಾಲು ಸುಮಾರು ೩.೬ ಗ್ರಾಮು. ಅಂದರೆ ಒಂದೇ ಚಮಚ ಉಪ್ಪು ೧೬ ಲೀಟರಿನಷ್ಟು ಶುದ್ಧ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲುದು. ಮನುಷ್ಯನ ಮೂಳೆಯನ್ನು ಉಳಿಸಲು ಹೋಗಿ ಕೆರೆಯ ಮೀನನ್ನು ಕಳೆದುಕೊಳ್ಳುವ ಈ ಇಕ್ಕಟ್ಟಿನಿಂದ ಪಾರಾಗುವ ಬಗೆಯೊಂದನ್ನು ನೀರು ಕುಡಿಯುವ ನೆಲಗಟ್ಟು ತೋರಿಸಿಕೊಟ್ಟಿದೆ.

ಪುರಿಯುಂಡೆಯ ಪಾಠ

ಇಂತಹ ನೆಲಗಟ್ಟಿನ ರಚನೆಯನ್ನು ತಿಳಿಯಲು ನಮ್ಮ ಮನೆಗಳ ಪುರಿಯುಂಡೆಯನ್ನು ನೆನೆದರೆ ಸಾಕು. ಪುರಿಯ ಕಾಳುಗಳ ಮೈಗೆ ಬೆಲ್ಲದ ಪಾಕ ತೆಳುವಾಗಿ ಸವರಿಕೊಂಡು, ಕಾಳು ಕಾಳಿಗೆ ತಗಲುವ ಎಡೆಗಳಲ್ಲಿ ಮಾತ್ರ ಅಂಟಾಗಿ ನಿಲ್ಲುವುದು. ನಡುವಣ ಸಂದುಗಳು ಬರಿದಾಗಿಯೇ ಉಳಿಯುವುವು. ಸಾಮಾನ್ಯ ಕಾಂಕ್ರೀಟಿನಲ್ಲಿ ಜಲ್ಲಿಯ ಸಂದುಗಳನ್ನು ಮರಳು ಸಿಮೆಂಟುಗಳು ತುಂಬುವುವು. ಮರಳನ್ನು ಬಿಟ್ಟು, ಒಂದೇ ಗಾತ್ರದ ಸಣ್ಣ ಜಲ್ಲಿಗೆ ಸಿಮೆಂಟಿನ ಪಾಕವನ್ನಷ್ಟೆ ಸವರಿ ಎರಕ ಹೊಯ್ದರೆ ದೊರೆಯುವುದು ಪುರಿಯುಂಡೆಯಂತಹ ಕಾಂಕ್ರೀಟು. ಅದರ ಗಾತ್ರದಲ್ಲಿ ಶೇಕಡ ೧೫ರಿಂದ ೨೫ರಷ್ಟು ಒಂದಕ್ಕೊಂದು ಸೇರಿಕೊಂಡ ಸಂದುಗಳಾಗಿರುವುವು. ಪಾಕದ ಹದ ಇಲ್ಲಿಯೂ ಮುಖ್ಯ. ನೀರು ಹೆಚ್ಚಾದರೆ ಸಿಮೆಂಟು ಕೆಳಗಿಳಿದು ತಳವನ್ನು ಮುಚ್ಚಿಬಿಡುವುದು. ಕಡಿಮೆಯಾದರೆ ಜಲ್ಲಿ ಉದುರಿಹೋಗುವುದು. ಇದೇ ರೀತಿ ಡಾಂಬರಿನಲ್ಲಿಯೂ ನುಣ್ಣನೆಯ ಮರಳನ್ನು ಬಿಟ್ಟು ಸಂದುಗಳನ್ನು ಉಳಿಸಿಕೊಳ್ಳಬಹುದು. ಮೂರನೆಯ ಬಗೆ, ಒಂದರ ಪಕ್ಕ ಒಂದು ಜೋಡಿಸಿದ ಕಾಂಕ್ರೀಟು ಇಟ್ಟಿಗೆಗಳದು. ಅಲ್ಲಿ ಇಟ್ಟಿಗೆ ನೀರನ್ನು ಬಿಡದಿದ್ದರೂ, ಇಟ್ಟಿಗೆಗಳ ನಡುವಿನ ಸಂದಿನಲ್ಲಿ ತುಂಬಿದ ಸಣ್ಣ ಜಲ್ಲಿಯ ಮೂಲಕ ನೀರು ಇಳಿಯುವುದು.

ಆದರೆ ಮೇಲಿನ ಈ ಹೊದಿಕೆ ಬರಿಯ ಬಾಗಿಲು. ನಿಜವಾದ ಕಣಜ ಅದರ ಕೆಳಗಿದೆ. ಅಲ್ಲಿ ದಪ್ಪ ಜಲ್ಲಿಯ ಹಾಸು ಇರುವುದು. ಅದರ ಗಾತ್ರದಲ್ಲಿ ಸುಮಾರು ಶೇಕಡ ೪೦ ಬರಿಯ ಸಂದುಗಳೇ. ಹಾಸಿನ ದಪ್ಪ ೪೫ ಸೆಂಟಿಮೀಟರು ಇದ್ದರೆ ಅದರಲ್ಲಿ ೧೮೦ ಮಿಲಿಮೀಟರು ಮಳೆಯ ನೀರು ಹಿಡಿಯುವುದು. ನಾವು ಹಿಂದೆ ಹೇಳಿದ ೨೫ ಮಿಲಿಮೀಟರು ಮಳೆ ಇಂತಹ ಹಾಸಿನ ತಳದಲ್ಲಿ ಸುಮಾರು ಆರು ಸೆಂಟಿಮೀಟರು ಎತ್ತರಕ್ಕಷ್ಟೆ ನಿಂತು, ಮೆಲ್ಲಮೆಲ್ಲನೆ ಕೆಳಗಿನ ಮಣ್ಣಿಗೆ ಇಂಗುವುದು. ಮಣ್ಣು ಜೇಡಿಯಾಗಿದ್ದು ಇಂಗದಿದ್ದರೆ ತೂತುಗಳುಳ್ಳ ಕೊಳವೆಯನ್ನು ಹುಗಿದು ಹೆಚ್ಚಿನ ನೀರನ್ನು ಸಾವಕಾಶವಾಗಿ ಹೊರಕ್ಕೆ ಬಿಡುವರು. ಸಂಚಾರದ ಮೇಲ್ಮೈಗೂ ನಿಂತ ನೀರಿಗೂ ನಡುವೆ ಎಷ್ಟು ಅಂತರವಿದೆಯೆಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಷಯಕ್ಕೆಲ್ಲ ಇದೇ ಬುನಾದಿ.

ಈ ಕಲ್ಪನೆಯನ್ನು ವ್ಯವಸ್ಥಿತವಾಗಿ ಪರಿಶೀಲಿಸಿದವರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಪ್ರಯೋಗಾಲಯದವರು ಮೊದಲಿಗರು. ಎಡ್ಮಂಡ್ ಥೆಲೆನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ವರದಿ ೧೯೭೨ರಲ್ಲಿ ಹೊರಬಂದಿತು. ೧೯೭೭ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕರ್ಡಿನಲ್ಲಿ, ಥೋರೋ ಬಾಳಿದ್ದ ವಾಲ್ಡನ್ ಕೊಳದ ಬಳಿ, ಸಂದರ್ಶಕರ ವಾಹನಗಳಿಗಾಗಿ ಇಂತಹ ಡಾಂಬರು ಅಂಗಳವೊಂದನ್ನು ಹಾಕಿದರು. ಪ್ರತಿ ವರ್ಷವೂ ಹಿಮ ಬೀಳುವ ಆ ಸ್ಥಳದಲ್ಲಿ ಮೂರು ದಶಕಗಳು ಕಳೆದ ಮೇಲೂ ಅದು ಬಳಕೆಯಲ್ಲಿತ್ತು.

ಮೊದಲನೆಯ ಸಂದೇಹ: ಒಡೆಯುವುದಿಲ್ಲವೆ?

ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡ ೯ರಷ್ಟು ಹೆಚ್ಚುವುದು. ಮುಚ್ಚಿದ ಪಾತ್ರೆಯೊಂದು ಶೇಕಡ ೯೧ರಷ್ಟು ಮಾತ್ರ ತುಂಬಿದ್ದರೆ ಹಿಗ್ಗಿದ ಮಂಜುಗಡ್ಡೆಗೆ ಉಳಿದ ಎಡೆ ಸರಿಹೋಗುವುದು. ಅದಕ್ಕಿಂತ ಹೆಚ್ಚಾಗಿ ತುಂಬಿದ್ದರೆ ಪಾತ್ರೆಯ ಗೋಡೆಯ ಮೇಲೆ ಒತ್ತಡ ಬೀಳುವುದು. ಆದುದರಿಂದ ಕೇಡು ಬರುವುದು ತೂತಿನಿಂದಲ್ಲ. ತೂತು ನೀರಿನಿಂದ ಪೂರ್ಣವಾಗಿ ತುಂಬಿರುವುದರಿಂದ. ಜಲ್ಲಿಯ ದೊಡ್ಡ ಸಂದುಗಳಲ್ಲಿ ನೀರು ನಿಲ್ಲದೆ ಕೆಳಗಿಳಿದುಹೋಗುವ ಕಾರಣ, ಚಳಿ ಬರುವ ಹೊತ್ತಿಗೆ ಅಲ್ಲಿ ಹೆಪ್ಪುಗಟ್ಟಲು ಉಳಿದಿರುವುದು ಕಲ್ಲಿನ ಮೈಗೆ ಅಂಟಿದ ತೆಳುವಾದ ತೇವ ಮಾತ್ರ.

ಸಿಮೆಂಟಿನ ಪಾಕದೊಳಗಿನ ಅತಿ ಸೂಕ್ಷ್ಮ ರಂಧ್ರಗಳ ವಿಷಯ ಬೇರೆ. ಅವುಗಳಲ್ಲಿ ನೀರು ಸುಲಭವಾಗಿ ಸಿಕ್ಕಿಕೊಳ್ಳುವುದು. ಟಿ. ಸಿ. ಪವರ್ಸ್ ಎಂಬ ಅಮೆರಿಕದ ವಿಜ್ಞಾನಿ ೧೯೪೫ರಲ್ಲಿ ಇದಕ್ಕೆ ಒಂದು ವಿವರಣೆಯನ್ನು ಕೊಟ್ಟನು. ಹೆಪ್ಪುಗಟ್ಟುವ ನೀರು ಇನ್ನೂ ಹೆಪ್ಪುಗಟ್ಟದ ನೀರನ್ನು ಕಿರಿದಾದ ರಂಧ್ರಗಳ ಮೂಲಕ ತಳ್ಳುವುದು. ಹಾದಿ ಉದ್ದವಾದಷ್ಟೂ ಒತ್ತಡ ಏರುವುದು. ಸಮೀಪದಲ್ಲಿಯೇ ಬರಿದಾದ ಗಾಳಿಗುಳ್ಳೆಯೊಂದಿದ್ದರೆ ನೀರು ಅಲ್ಲಿ ಆಶ್ರಯ ಪಡೆದು ಒತ್ತಡ ತಗ್ಗುವುದು. ಈ ಕಾರಣದಿಂದಲೇ ಶೀತ ದೇಶಗಳ ಕಾಂಕ್ರೀಟಿನಲ್ಲಿ ಬೇಕೆಂದೇ ಸಣ್ಣ ಗಾಳಿಗುಳ್ಳೆಗಳನ್ನು ಸೇರಿಸುವರು.

ಪ್ರಯೋಗಾಲಯದಲ್ಲಿ ಕಾಂಕ್ರೀಟಿನ ತುಂಡುಗಳನ್ನು ನೀರಿನಲ್ಲಿಯೇ ಮುಳುಗಿಸಿ, ಹೆಪ್ಪುಗಟ್ಟಿಸಿ, ಕರಗಿಸಿ, ಹೀಗೆ ೩೦೦ ಸಲ ಪರೀಕ್ಷಿಸುವ ಪದ್ಧತಿಯುಂಟು. ಈ ಪರೀಕ್ಷೆಯಲ್ಲಿ ಸಂದುಳ್ಳ ಕಾಂಕ್ರೀಟು ಅನೇಕ ವೇಳೆ ಸೋತುಹೋಗುವುದು. ಏಕೆಂದರೆ ಅಲ್ಲಿ ನೀರು ಇಳಿದುಹೋಗಲು ದಾರಿಯೇ ಇರುವುದಿಲ್ಲ. ಅಯೋವ ಸ್ಟೇಟ್ ವಿಶ್ವವಿದ್ಯಾಲಯದವರು ಈ ಶತಮಾನದ ಮೊದಲ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಕಂಡುಬಂದ ಒಂದು ವಿಷಯ ಕುತೂಹಲಕರವಾಗಿದೆ. ಬಿಟ್ಟ ಮರಳಿನಲ್ಲಿ ಸ್ವಲ್ಪವನ್ನು, ಅಂದರೆ ಜಲ್ಲಿಯ ತೂಕದಲ್ಲಿ ಸುಮಾರು ಶೇಕಡ ೭ರಷ್ಟನ್ನು, ಮತ್ತೆ ಸೇರಿಸಿದರೆ ಕಾಳುಗಳ ನಡುವಣ ಬೆಸುಗೆ ದಪ್ಪವಾಗಿ ಕಾಂಕ್ರೀಟು ಚಳಿಯನ್ನು ಬಹಳ ಚೆನ್ನಾಗಿ ತಾಳಿತು. ನೀರು ಇಳಿಯಲು ಬೇಕಾದಷ್ಟು ಸಂದೂ ಉಳಿಯಿತು.

ಎರಡನೆಯ ಸಂದೇಹ: ನೆಲ ಉಬ್ಬುವುದಿಲ್ಲವೆ?

ಚಳಿಗಾಲದಲ್ಲಿ ರಸ್ತೆಗಳು ಗೇಣೆತ್ತರ ಉಬ್ಬಿ ವಸಂತದಲ್ಲಿ ಕುಸಿದು ಹಾಳಾಗುವುದು ಆ ನಾಡುಗಳಲ್ಲಿ ಹಳೆಯ ಪಿಡುಗು. ಮಣ್ಣಿನ ನೀರು ಶೇಕಡ ೯ರಷ್ಟು ಹಿಗ್ಗುವುದೇ ಇದಕ್ಕೆ ಕಾರಣವೆಂದು ಮೊದಲು ಭಾವಿಸಿದ್ದರು. ಆದರೆ ಅಷ್ಟರಿಂದಲೇ ಅಂತಹ ಉಬ್ಬು ಬರಲಾರದು. ದಕ್ಷಿಣ ಕ್ಯಾರೊಲಿನ ವಿಶ್ವವಿದ್ಯಾಲಯದ ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ ೧೯೨೯-೩೦ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮಣ್ಣಿಗೆ ನೀರಿನ ಬದಲು ಬೆಂಜೀನನ್ನು ಸೇರಿಸಿ ಹೆಪ್ಪುಗಟ್ಟಿಸಿದನು. ಬೆಂಜೀನು ಹೆಪ್ಪುಗಟ್ಟುವಾಗ ಹಿಗ್ಗದು, ಕುಗ್ಗುವುದು. ಆದರೂ ಮಣ್ಣು ಉಬ್ಬಿತು! ಇದರಿಂದ ತಿಳಿದುಬಂದುದೇನೆಂದರೆ, ಹೆಪ್ಪುಗಟ್ಟುವ ಪದರ ಕೆಳಗಿನಿಂದ ಹೊಸ ದ್ರವವನ್ನು ಎಳೆದುಕೊಳ್ಳುತ್ತ ಮಸೂರದ ಆಕಾರದಲ್ಲಿ ಬೆಳೆಯುವುದು, ಮೇಲಿನ ನೆಲವನ್ನು ಎತ್ತುವುದು. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ, ನುಣ್ಣನೆಯ ಮಣ್ಣು ನೀರನ್ನು ಮೇಲಕ್ಕೆ ಒದಗಿಸುತ್ತಲೇ ಇರುವುದು.

ಈ ಕೇಶಾಕರ್ಷಣದ ಅಳತೆಯನ್ನು ನಾವು ತರಗತಿಯಲ್ಲಿ ಸೂಕ್ಷ್ಮ ನಳಿಕೆಗಳಿಂದ ಕಂಡುಹಿಡಿಯುತ್ತೇವೆ. ನಳಿಕೆಯ ತ್ರಿಜ್ಯ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುವುದು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತ್ರಿಜ್ಯವಿದ್ದರೆ ನೀರು ಸುಮಾರು ಒಂದೂವರೆ ಮೀಟರು ಏರಬಲ್ಲುದು. ಐದು ಮಿಲಿಮೀಟರು ತ್ರಿಜ್ಯವಿದ್ದರೆ ಮೂರು ಮಿಲಿಮೀಟರು ಏರುವುದೂ ಕಷ್ಟ. ಒಂದು ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ತಳದಲ್ಲಿ ತೂತುಗಳಿರುವ ಎರಡು ಡಬ್ಬಿಗಳಲ್ಲಿ ಒಂದಕ್ಕೆ ಒಣಗಿದ ನುಣ್ಣನೆಯ ಮಣ್ಣನ್ನೂ ಇನ್ನೊಂದಕ್ಕೆ ಜಲ್ಲಿಯನ್ನೂ ತುಂಬಿ ನಿಲ್ಲಿಸಿದರೆ, ಕೆಲವು ಗಂಟೆಗಳಲ್ಲಿ ಈ ವ್ಯತ್ಯಾಸವನ್ನು ಓದುಗರು ತಾವೇ ಕಾಣಬಹುದು. ನೆಲಗಟ್ಟಿನ ದಪ್ಪ ಜಲ್ಲಿಯ ಹಾಸು ಈ ಬತ್ತಿಯನ್ನು ನಡುವೆಯೇ ಕತ್ತರಿಸಿಬಿಡುವುದು. ಹಾಸಿನ ಕೆಳಗಿನ ಮಣ್ಣಿಗೆ ಹೆಪ್ಪು ಬಲವಾಗಿ ತಾಕದಂತೆ ಹಾಸನ್ನು ಸಾಕಷ್ಟು ಆಳವಾಗಿಯೂ ಕಟ್ಟಬೇಕು. ಸ್ಥಳದಲ್ಲಿ ಹೆಪ್ಪು ಎಷ್ಟು ಆಳ ಇಳಿಯುವುದೋ ಅದರ ಶೇಕಡ ೬೫ರಷ್ಟಾದರೂ ಕಟ್ಟಡದ ದಪ್ಪವಿರಬೇಕೆಂಬುದು ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದವರು ಹಾಕಿಕೊಟ್ಟ ನಿಯಮ.

ಮೂರನೆಯ ಸಂದೇಹ: ಹೆಪ್ಪುಗಟ್ಟಿದ ನೆಲ ನೀರು ಕುಡಿಯುವುದೆ?

ಅದೇ ವಿಶ್ವವಿದ್ಯಾಲಯದವರು ಡರಹಮ್ ಎಂಬ ಊರಿನಲ್ಲಿ ಸಂದುಳ್ಳ ಡಾಂಬರಿನ ಅಂಗಳವೊಂದನ್ನು ಕಟ್ಟಿ, ೨೦೦೪ರಿಂದ ೨೦೦೮ರವರೆಗೆ ಅದರ ನಡತೆಯನ್ನು ಅಳೆಯುತ್ತ ಬಂದರು. ಹೆಪ್ಪು ೭೧ ಸೆಂಟಿಮೀಟರು ಆಳಕ್ಕೆ ಇಳಿದಿದ್ದಾಗಲೂ ನೀರು ಇಳಿಯುವ ಕಾರ್ಯ ಕುಂದಲಿಲ್ಲ. ನೆಲ ಉಬ್ಬಿದುದೂ ಕಾಣಲಿಲ್ಲ. ಇದರಲ್ಲಿ ವಿಚಿತ್ರವೇನೂ ಇಲ್ಲ. ಹೆಪ್ಪುಗಟ್ಟಿದ ನೆಲವೆಂದರೆ ಮುಚ್ಚಿಹೋದ ನೆಲವೆಂದೇ ಅರ್ಥವಲ್ಲ. ಕಲ್ಲುಗಳು ಸೊನ್ನೆಗಿಂತ ತಣ್ಣಗಿದ್ದರೂ ಅವುಗಳ ನಡುವಣ ಸಂದು ತೆರೆದಿದ್ದರೆ ನೀರಿಗೆ ದಾರಿ ಇದ್ದೇ ಇರುವುದು.

ಸ್ವೀಡನ್ನಿನ ಉತ್ತರ ಭಾಗದಲ್ಲಿ, ಮೇರುವೃತ್ತಕ್ಕೆ ಸಮೀಪವಾಗಿ, ಲೂಲಿಯೋ ಎಂಬ ನಗರವಿದೆ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಮಾಗ್ನುಸ್ ಬೆಕ್‌ಸ್ಟ್ರೋಮ್ ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನಗಳು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸುವಂತಹವು. ಸಂದುಳ್ಳ ನೆಲಗಟ್ಟಿನ ಕೆಳಗಿನ ನೆಲ ಸಾಮಾನ್ಯ ರಸ್ತೆಯ ಕೆಳಗಿನ ನೆಲಕ್ಕಿಂತ ತಡವಾಗಿ ಹೆಪ್ಪುಗಟ್ಟಿತು, ವಸಂತದಲ್ಲಿ ಬೇಗನೆ ಕರಗಿತು. ಕಾರಣವೇನು? ಒಂದು ಗ್ರಾಮು ನೀರು ಹೆಪ್ಪುಗಟ್ಟಬೇಕಾದರೆ ಸುಮಾರು ೮೦ ಕೆಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕು. ನೀರು ಇಂಗಿ ತೇವವಾಗಿರುವ ಮಣ್ಣಿನಲ್ಲಿ ಈ ಶಾಖದ ಗಂಟು ದೊಡ್ಡದು. ಚಳಿ ಅದನ್ನೆಲ್ಲ ಹೊರತೆಗೆಯುವವರೆಗೆ ಹೆಪ್ಪು ಕೆಳಕ್ಕೆ ಇಳಿಯಲಾರದು. ವಸಂತದಲ್ಲಿಯಾದರೋ ಕರಗಿದ ನೀರು ತಾನೇ ಸಂದುಗಳ ಮೂಲಕ ಇಳಿದು, ಮೇಲಿನ ಶಾಖವನ್ನು ಕೆಳಕ್ಕೆ ಒಯ್ಯುವುದು.

ಅದೇ ಸಂಶೋಧಕರು ಪ್ರಯೋಗಾಲಯದಲ್ಲಿ ಇನ್ನೊಂದನ್ನೂ ಅಳೆದರು. ೨೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಳಿಯುವ ನೀರಿಗೆ ಹೋಲಿಸಿದರೆ ಸೊನ್ನೆ ಡಿಗ್ರಿಯಲ್ಲಿ ಸುಮಾರು ಅರ್ಧದಷ್ಟು ಮಾತ್ರ ಇಳಿಯಿತು. ಇದಕ್ಕೆ ಮುಖ್ಯ ಕಾರಣ ನೀರಿನ ಸ್ನಿಗ್ಧತೆ, ಅಂದರೆ ಹರಿವಿಗೆ ನೀರೇ ಒಡ್ಡುವ ಒಳಗಿನ ತಡೆ. ಸೊನ್ನೆ ಡಿಗ್ರಿಯಲ್ಲಿ ಅದು ೨೦ ಡಿಗ್ರಿಯಲ್ಲಿರುವುದರ ೧.೮ರಷ್ಟಾಗುವುದು. ಎರಡು ದಿನ ಬಿಟ್ಟುಬಿಟ್ಟು ಹೆಪ್ಪುಗಟ್ಟಿಸಿ ಕರಗಿಸಿದಾಗ ಕುಡಿಯುವ ಶಕ್ತಿ ಸುಮಾರು ಶೇಕಡ ೯೦ರಷ್ಟು ಇಳಿದುಹೋಯಿತು. ಈ ಅಂಕಿಯನ್ನು ಕಂಡು ಧೈರ್ಯಗೆಡಬೇಕಾಗಿಲ್ಲ, ಅದನ್ನು ಮರೆಮಾಡಬೇಕಾಗಿಯೂ ಇಲ್ಲ. ಹಿಮ ಕರಗುವ ಕಾಲದಲ್ಲಿ ಉಳಿಯುವ ಶಕ್ತಿಯನ್ನು ಅವರು ನಿಮಿಷಕ್ಕೆ ೧ರಿಂದ ೫ ಮಿಲಿಮೀಟರು ಎಂದು ಅಂದಾಜು ಮಾಡಿದರು. ಅಂದರೆ ಗಂಟೆಗೆ ೬೦ ಮಿಲಿಮೀಟರಿಗೆ ಕಡಿಮೆಯಿಲ್ಲ. ಬಿಸಿಲಿಗೆ ಹಿಮ ಇಷ್ಟು ವೇಗದಲ್ಲಿ ಕರಗುವುದಿಲ್ಲ.

ಉಪ್ಪೂ ಮರಳೂ

ಕರಗಿದ ನೀರು ಮೇಲೆ ನಿಲ್ಲದೆ ಇಳಿದುಹೋದರೆ ರಾತ್ರಿ ಹೆಪ್ಪುಗಟ್ಟಲು ಅಲ್ಲಿ ಏನೂ ಇರುವುದಿಲ್ಲ. ಕಣ್ಣಿಗೆ ಕಾಣದ ಗಾಜಿನ ಪದರವೆಂದು ನಾವು ಮೊದಲು ಹೇಳಿದ ಅಪಾಯ ಹೀಗೆ ಬಹುಮಟ್ಟಿಗೆ ತಪ್ಪುವುದು. ಡರಹಮಿನ ಅಂಗಳದಲ್ಲಿ ಸಾಮಾನ್ಯ ಡಾಂಬರಿಗೆ ಬೇಕಾಗುವ ಉಪ್ಪಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಉಳಿಸಲು ಸಾಧ್ಯವಾಯಿತು. ಆ ನಾಡಿನ ಕೆರೆಗಳ ದೃಷ್ಟಿಯಿಂದ ನೋಡಿದರೆ ಈ ನೆಲಗಟ್ಟಿನ ಅತಿ ದೊಡ್ಡ ಉಪಕಾರ ಇದೇ ಇರಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ಜಲ್ಲಿಯೂ ಮಣ್ಣೂ ನೀರಿನೊಳಗಿನ ಕೆಸರನ್ನೂ ಎಣ್ಣೆಯನ್ನೂ ಸೋಸಬಲ್ಲುವು. ಕರಗಿದ ಉಪ್ಪನ್ನು ಸೋಸಲಾರವು. ಎರಚಿದ ಉಪ್ಪು ಅಂತರ್ಜಲವನ್ನು ಸೇರಿಯೇ ತೀರುವುದು. ಆದುದರಿಂದ ಕಡಿಮೆ ಎರಚುವುದೊಂದೇ ಉಪಾಯ. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಉಪ್ಪನ್ನು ಸೋಕಿಸದಿರುವುದೇ ಲೇಸು.

ಇಂತಹ ನೆಲಗಟ್ಟಿಗೆ ಬಹು ದೊಡ್ಡ ಶತ್ರು ಚಳಿಯಲ್ಲ, ಮಣ್ಣು. ಜಾರದಿರಲೆಂದು ಹಿಮದ ಮೇಲೆ ಮರಳನ್ನು ಎರಚುವ ವಾಡಿಕೆ ಅನೇಕ ಊರುಗಳಲ್ಲಿದೆ. ಹಿಮ ಕರಗಿದಾಗ ಆ ಮರಳು ಸಂದುಗಳಿಗೆ ಇಳಿದು ಕೂರುವುದು. ವರ್ಷ ವರ್ಷವೂ ಹೀಗಾದರೆ ಕುಡಿಯುವ ನೆಲ ಕುಡಿಯದ ನೆಲವಾಗುವುದು. ಆಗ ನೀರು ಮೇಲ್ಪದರದಲ್ಲಿಯೇ ಸಿಕ್ಕಿಕೊಂಡು, ಒಂದು ಚಳಿಯ ರಾತ್ರಿ ನಮ್ಮ ಸೀಸೆಗೆ ಆದ ಗತಿಯೇ ಅದಕ್ಕೂ ಆಗುವುದು. ಆದುದರಿಂದ ಅಲ್ಲಿ ಮರಳನ್ನು ಎರಚಕೂಡದು. ಬೇರೆ ರಸ್ತೆಗಳಿಂದ ಬಾಚಿ ತಂದ ಕೊಳಕು ಹಿಮವನ್ನು ಅದರ ಮೇಲೆ ರಾಶಿ ಹಾಕಕೂಡದು. ವರ್ಷಕ್ಕೆ ಒಂದೆರಡು ಸಲ ಗಾಳಿಯಿಂದ ಹೀರುವ ಯಂತ್ರದಿಂದ ಸಂದುಗಳನ್ನು ಶುದ್ಧಿ ಮಾಡಬೇಕು. ಹಿಮ ಬಾಚುವ ಯಂತ್ರದ ಅಲಗು ಕಲ್ಲುಗಳನ್ನು ಕೀಳದಂತೆ ತುಸು ಎತ್ತರದಲ್ಲಿಟ್ಟು ನಡೆಸಬೇಕು. ಭಾರಿ ಲಾರಿಗಳು ಎಡೆಬಿಡದೆ ಓಡಾಡುವ ಹೆದ್ದಾರಿಗೆ ಇದು ತಕ್ಕುದಲ್ಲ. ವಾಹನ ನಿಲ್ಲಿಸುವ ಅಂಗಳ, ಕಾಲುದಾರಿ, ಮನೆಗಳ ನಡುವಿನ ಬೀದಿ ಇವೇ ಇದರ ಕ್ಷೇತ್ರ.

ಹೀಗೆ, ಒಂದು ನೆಲಗಟ್ಟಿನ ಬಾಳಿಕೆ ಅದನ್ನು ಕಟ್ಟಿದ ದಿನವೇ ನಿಶ್ಚಯವಾಗಿಬಿಡುವುದಿಲ್ಲ. ಪೊರಕೆ ಹಿಡಿದವನ ಕೈಯಲ್ಲಿಯೂ ಅದರ ಆಯುಸ್ಸು ಇದೆ. ರಸ್ತೆ ಗಟ್ಟಿಯಾಗಿರಬೇಕಾದರೆ ನೀರನ್ನು ಒಳಗೆ ಬಿಡಬಾರದೆಂದು ನೂರಾರು ವರ್ಷಗಳಿಂದ ಎಂಜಿನಿಯರುಗಳು ನಂಬಿ ನಡೆದರು. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿಯನ್ನೂ ಮಾಡಿಕೊಟ್ಟರೆ ಕೇಡಿಲ್ಲವೆಂದು ವಾಲ್ಡನ್, ಡರಹಮ್, ಲೂಲಿಯೋಗಳ ಅನುಭವ ತಿಳಿಸಿದೆ. ಕಂಠದವರೆಗೆ ತುಂಬಿ ಬಿರಡೆ ಹಾಕಿದ ಸೀಸೆ ಒಡೆಯುವುದು ನಿಶ್ಚಯ. ತಳದಲ್ಲಿ ತೂತಿರುವ ಸೀಸೆಯನ್ನು ಅದೇ ಪೆಟ್ಟಿಗೆಯಲ್ಲಿ ಎಷ್ಟು ರಾತ್ರಿ ಇಟ್ಟರೂ ಒಡೆಯಲು ಅದರಲ್ಲಿ ನೀರೇ ಉಳಿದಿರುವುದಿಲ್ಲ.